ಕೀಲಿನ ಪ್ರೋಟೀನು ಕೆಟ್ಟಾಗ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರುಮಟಾಯ್ಡ್ ಸಂಧಿವಾತದ (ರೋಗನಿರೋಧಕ ವ್ಯವಸ್ಥೆ ನಮ್ಮದೇ ಕೀಲುಗಳ ಮೇಲೆ ದಾಳಿ ಮಾಡುವ ರೋಗ) ಕುರಿತಾದವು. ದೇಹದ ಪ್ರೋಟೀನುಗಳಿಗೆ ಉತ್ಕರ್ಷಣದಿಂದ (ಆಕ್ಸಿಡೇಶನ್, ಅಂದರೆ ಆಮ್ಲಜನಕದಿಂದ ಹುಟ್ಟುವ ಚುರುಕಾದ ಅಣುಗಳು ನಡೆಸುವ ರಾಸಾಯನಿಕ ಬದಲಾವಣೆ) ಆಗುವ ಹಾನಿಗೂ ಈ ರೋಗಕ್ಕೂ ಇರುವ ನಂಟೇನು ಎಂದು ಹಲವರು ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನಗೆ ಮೂರು ವರ್ಷಗಳಿಂದ ರುಮಟಾಯ್ಡ್ ಸಂಧಿವಾತವಿದೆ. ಉತ್ಕರ್ಷಣದಿಂದ ನಮ್ಮ ಪ್ರೋಟೀನುಗಳು ಕೆಡುತ್ತವೆ, ಕೆಟ್ಟ ಪ್ರೋಟೀನನ್ನು ರೋಗನಿರೋಧಕ ವ್ಯವಸ್ಥೆ ಹೊರಗಿನದೆಂದು ಬಗೆದು ಕೀಲಿನ ಮೇಲೆ ದಾಳಿ ಮಾಡುತ್ತದೆ ಎಂದು ಓದಿದೆ. ಇದು ನಿಜವೇ? ಪ್ರೋಟೀನು ಕೆಡುವುದೆಂದರೆ ಏನು?

ಉತ್ತರ: ನೀವು ಓದಿದ್ದರಲ್ಲಿ ನಿಜವಿದೆ, ಆದರೆ ಅದು ಪೂರ್ತಿ ಕಥೆಯಲ್ಲ. ಉತ್ಕರ್ಷಣದ ಹಾನಿ ಈ ರೋಗದಲ್ಲಿ ಖಂಡಿತ ಇದೆ ಮತ್ತು ಅದು ರೋಗವನ್ನು ಉಲ್ಬಣಗೊಳಿಸುತ್ತದೆ ಎನ್ನಲು ಸಾಕಷ್ಟು ಆಧಾರವಿದೆ. ಅದೊಂದೇ ರೋಗದ ಮೂಲ ಎನ್ನುವುದಕ್ಕೆ ಮಾತ್ರ ಆಧಾರ ಸಾಲದು.

ಉರಿಯೂತವಿರುವ ಕೀಲಿನ ಒಳಗೆ ಏನು ನಡೆಯುತ್ತದೆ ಎಂಬುದರಿಂದ ಆರಂಭಿಸೋಣ. ರಕ್ತದಲ್ಲಿರುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಕೀಲುದ್ರವಕ್ಕೆ ಗುಂಪುಗುಂಪಾಗಿ ಬಂದು ಸೇರುತ್ತವೆ. ಸೂಕ್ಷ್ಮಾಣುಗಳನ್ನು ಕೊಲ್ಲಲೆಂದೇ ಇವುಗಳಲ್ಲಿ ಒಂದು ರಾಸಾಯನಿಕ ವ್ಯವಸ್ಥೆ ಇದೆ. ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವ ಆಮ್ಲಜನಕವನ್ನು ಸೂಪರ್‌ಆಕ್ಸೈಡ್ ಆಗಿ ಬದಲಿಸುತ್ತದೆ, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಮೈಲೋಪೆರಾಕ್ಸಿಡೇಸ್ ಎಂಬ ಇನ್ನೊಂದು ಕಿಣ್ವ ಈ ಪೆರಾಕ್ಸೈಡಿನಿಂದ ಹೈಪೊಕ್ಲೋರಸ್ ಆಮ್ಲವನ್ನು ತಯಾರಿಸುತ್ತದೆ. ಬಟ್ಟೆಯ ಕಲೆ ತೆಗೆಯುವ ಬ್ಲೀಚಿನಲ್ಲಿ ಕೆಲಸ ಮಾಡುವುದೂ ಇದೇ ಆಮ್ಲ. ಇಷ್ಟು ಸಾಲದೆಂಬಂತೆ, ಉರಿಯೂತದ ಜೀವಕೋಶಗಳು ಹೊರಬಿಡುವ ನೈಟ್ರಿಕ್ ಆಕ್ಸೈಡು ಸೂಪರ್‌ಆಕ್ಸೈಡಿನೊಡನೆ ಸೇರಿ ಪೆರಾಕ್ಸಿನೈಟ್ರೈಟ್ ಆಗುತ್ತದೆ. ಉತ್ಕರ್ಷಣಕಾರಿಗಳೆಂದು ಕರೆಯುವ ಇವೆಲ್ಲ ಸೋಂಕು ಇದ್ದಲ್ಲಿ ನಮ್ಮನ್ನು ಕಾಯುತ್ತವೆ. ಸಂಧಿವಾತದ ಕೀಲಿನಲ್ಲಿ ಕೊಲ್ಲಲು ಸೂಕ್ಷ್ಮಾಣುವೇ ಇರುವುದಿಲ್ಲ. ಪೆಟ್ಟು ಬೀಳುವುದು ಸುತ್ತಲಿನ ನಮ್ಮದೇ ಅಂಗಾಂಶಗಳಿಗೆ.

ಇದರ ಒಂದು ಪರಿಣಾಮವನ್ನು ಬರಿಗಣ್ಣಿನಿಂದಲೇ ನೋಡಬಹುದು. ಆರೋಗ್ಯವಂತ ಕೀಲಿನಿಂದ ಸೂಜಿಯಲ್ಲಿ ತೆಗೆದ ದ್ರವ ತಿಳಿಯಾಗಿರುತ್ತದೆ ಮತ್ತು ಹನಿ ಬೀಳಿಸಿದರೆ ಕೆಲವು ಸೆಂಟಿಮೀಟರ್ ಉದ್ದಕ್ಕೆ ಎಳೆಯಾಗಿ ಇಳಿಯುತ್ತದೆ. ಊದಿದ ಸಂಧಿವಾತದ ಕೀಲಿನಿಂದ ಬಂದ ದ್ರವ ಹಳದಿಯಾಗಿ ಮಸುಕಾಗಿರುತ್ತದೆ, ನೀರಿನಂತೆ ತೊಟ್ಟಿಕ್ಕುತ್ತದೆ. ಆ ಜಿಗುಟಿಗೆ ಕಾರಣವಾದ ಹಯಲುರಾನಿಕ್ ಆಮ್ಲದ ಉದ್ದನೆಯ ಸರಪಳಿಗಳು ತುಂಡಾಗಿರುವುದು ಇದಕ್ಕೆ ಒಂದು ಕಾರಣ. ಸೂಪರ್‌ಆಕ್ಸೈಡಿಗೆ ಒಡ್ಡಿದ ಕೀಲುದ್ರವ ಹೀಗೆ ತೆಳುವಾಗುತ್ತದೆ, ಆ ಸೂಪರ್‌ಆಕ್ಸೈಡನ್ನು ನಿವಾರಿಸುವ ಕಿಣ್ವವನ್ನು ಸೇರಿಸಿದರೆ ಹಾನಿ ತಪ್ಪುತ್ತದೆ ಎಂದು ಅಮೆರಿಕದ ಜೋ ಮೆಕಾರ್ಡ್ 1974ರಲ್ಲಿಯೇ ತೋರಿಸಿದರು.

ಈಗ ಪ್ರೋಟೀನಿನ ಮಾತು. ಪ್ರೋಟೀನು ಎಂದರೆ ಅಮೈನೊ ಆಮ್ಲಗಳ ಸರಪಳಿ. ಅದು ನಿರ್ದಿಷ್ಟ ರೀತಿಯಲ್ಲಿ ಮಡಚಿಕೊಂಡಾಗಲೇ ತನ್ನ ಕೆಲಸ ಮಾಡಬಲ್ಲದು. ಉತ್ಕರ್ಷಣಕಾರಿಗಳು ತಗುಲಿದಾಗ ಮೆಥಿಯೋನಿನ್ ಎಂಬ ಅಮೈನೊ ಆಮ್ಲಕ್ಕೆ ಆಮ್ಲಜನಕ ಅಂಟಿಕೊಳ್ಳುತ್ತದೆ, ಟೈರೋಸಿನ್‌ಗೆ ಕ್ಲೋರಿನ್ ಅಥವಾ ನೈಟ್ರೋ ಗುಂಪು ಸೇರುತ್ತದೆ, ಲೈಸಿನ್ ಮತ್ತು ಪ್ರೋಲಿನ್‌ಗಳಲ್ಲಿ ಕಾರ್ಬೊನಿಲ್ ಗುಂಪುಗಳು ಏಳುತ್ತವೆ. ಕೆಲವೊಮ್ಮೆ ಒಂದೇ ಒಂದು ಬದಲಾವಣೆಯೂ ಅನಾಹುತಕ್ಕೆ ಸಾಕು. ನ್ಯೂಟ್ರೊಫಿಲ್‌ಗಳು ಸುರಿಸುವ ಎಲಾಸ್ಟೇಸ್ ಎಂಬ ಕಿಣ್ವ ಅಂಗಾಂಶವನ್ನು ತಿಂದುಹಾಕದಂತೆ ತಡೆಯಲು ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನು ಇದೆ. ಅದರ ಸರಪಳಿಯ 358ನೆಯ ಸ್ಥಾನದಲ್ಲಿರುವ ಮೆಥಿಯೋನಿನ್ ಉತ್ಕರ್ಷಣಗೊಂಡರೆ ಎಲಾಸ್ಟೇಸನ್ನು ಹಿಡಿದಿಡುವ ಅದರ ಶಕ್ತಿ ಬಹುಮಟ್ಟಿಗೆ ಕುಂದುತ್ತದೆ. ಹೀಗೆ ಕೆಟ್ಟ ಆಂಟಿಟ್ರಿಪ್ಸಿನ್ ರೋಗಿಗಳ ಕೀಲುದ್ರವದಲ್ಲಿಯೇ ಸಿಕ್ಕಿದೆ.

ಹೆಚ್ಚಿನ ಪ್ರೋಟೀನುಗಳು ಕೆಟ್ಟರೆ ದೇಹ ಅವನ್ನು ಒಡೆದು ಹೊಸದನ್ನು ಕಟ್ಟಿಕೊಳ್ಳುತ್ತದೆ. ಕೀಲಿನ ಮೃದ್ವಸ್ಥಿಯ ಕೊಲಾಜೆನ್ ವಿಷಯದಲ್ಲಿ ಆ ಅನುಕೂಲವಿಲ್ಲ. ಅದು ನಮ್ಮ ದೇಹದ ಅತ್ಯಂತ ದೀರ್ಘಾಯುಷಿ ಪ್ರೋಟೀನುಗಳಲ್ಲಿ ಒಂದು. ಅದರ ಅರ್ಧಾಯುಷ್ಯ (ಇದ್ದುದರಲ್ಲಿ ಅರ್ಧ ಭಾಗ ಬದಲಾಗಲು ಹಿಡಿಯುವ ಕಾಲ) ನೂರು ವರ್ಷಕ್ಕೂ ಮಿಗಿಲು ಎಂದು ಅಳೆದಿದ್ದಾರೆ. ಯೌವನದಲ್ಲಿ ಕಟ್ಟಿದ ಎಳೆಗಳೇ ಮುಪ್ಪಿನವರೆಗೂ ಉಳಿಯುವುದರಿಂದ ಅವುಗಳ ಮೇಲೆ ಬಿದ್ದ ಪೆಟ್ಟು ಅಳಿಸಿಹೋಗದೆ ಕೂಡುತ್ತಲೇ ಹೋಗುತ್ತದೆ. ಟೈಪ್ 2 ಎಂದು ಹೆಸರಿಸಲಾದ ಈ ಮೃದ್ವಸ್ಥಿಯ ಕೊಲಾಜೆನ್ನನ್ನು ಪ್ರಯೋಗಶಾಲೆಯಲ್ಲಿ ಹೈಪೊಕ್ಲೋರಸ್ ಆಮ್ಲ, ಪೆರಾಕ್ಸಿನೈಟ್ರೈಟ್ ಮೊದಲಾದವುಗಳಿಗೆ ಒಡ್ಡಿ, ರುಮಟಾಯ್ಡ್ ರೋಗಿಗಳ ರಕ್ತದೊಡನೆ ಬೆರೆಸಿ ನೋಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ರೋಗಿಗಳ ಪ್ರತಿಕಾಯಗಳು (ಹೊರಗಿನದೆಂದು ಬಗೆದದ್ದಕ್ಕೆ ಅಂಟಿಕೊಳ್ಳುವ ನಿರೋಧಕ ಪ್ರೋಟೀನುಗಳು) ಸಹಜ ಕೊಲಾಜೆನ್‌ಗಿಂತ ಬದಲಾದ ಕೊಲಾಜೆನ್‌ಗೆ ಹೆಚ್ಚು ಬಲವಾಗಿ ಅಂಟಿಕೊಂಡವು.

ಹೀಗೇಕೆ? ನಮ್ಮ ರೋಗನಿರೋಧಕ ವ್ಯವಸ್ಥೆಯ ಟಿ ಜೀವಕೋಶಗಳು ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಬೆಳೆಯುವಾಗ ಸ್ವಂತ ಪ್ರೋಟೀನುಗಳ ತುಣುಕುಗಳನ್ನು ಅವುಗಳ ಮುಂದೆ ಹಿಡಿಯಲಾಗುತ್ತದೆ. ಆ ತುಣುಕಿಗೆ ಜೋರಾಗಿ ಕೆರಳುವ ಕೋಶಗಳನ್ನು ಅಲ್ಲಿಯೇ ಅಳಿಸಲಾಗುತ್ತದೆ. ಆದರೆ ಮುಂದೆಂದೋ ಉರಿಯೂತದ ನಡುವೆ ರೂಪ ಬದಲಿಸಿಕೊಂಡ ಪ್ರೋಟೀನಿನ ತುಣುಕು ಅಂದು ಅಲ್ಲಿ ಇದ್ದಿರಲಿಲ್ಲ. ಅದಕ್ಕೆ ಕೆರಳಬಲ್ಲ ಕೋಶಗಳು ಉಳಿದುಕೊಂಡಿರುತ್ತವೆ. ಅವು ಒಮ್ಮೆ ಎಚ್ಚೆತ್ತವೆಂದರೆ ಪ್ರತಿಕಾಯಗಳು ತಯಾರಾಗುತ್ತವೆ, ಪ್ರತಿಕಾಯ ಮತ್ತು ಪ್ರೋಟೀನು ಸೇರಿದ ಗಂಟುಗಳು ಇನ್ನಷ್ಟು ನ್ಯೂಟ್ರೊಫಿಲ್‌ಗಳನ್ನು ಕರೆತರುತ್ತವೆ, ಅವು ಇನ್ನಷ್ಟು ಉತ್ಕರ್ಷಣಕಾರಿಗಳನ್ನು ಸುರಿಸುತ್ತವೆ. ಈ ವಿಷವರ್ತುಲವನ್ನು ಎಲ್ಲಿ ಕಡಿಯಬೇಕು ಎಂಬುದೇ ಚಿಕಿತ್ಸೆಯ ಮುಖ್ಯ ಪ್ರಶ್ನೆ. ಅದಕ್ಕೆ ಕೆಳಗಿನ ಉತ್ತರವೊಂದರಲ್ಲಿ ಬರುತ್ತೇನೆ.

ಪ್ರಶ್ನೆ: ನನ್ನ ರಕ್ತಪರೀಕ್ಷೆಯಲ್ಲಿ ಆಂಟಿ-ಸಿಸಿಪಿ ತುಂಬಾ ಹೆಚ್ಚಿದೆ. ಇದು ಕೂಡ ಉತ್ಕರ್ಷಣದ ಫಲವೇ? ರುಮಟಾಯ್ಡ್ ಫ್ಯಾಕ್ಟರ್‌ಗೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ನೇರವಾಗಿ ಅಲ್ಲ, ಆದರೆ ಎರಡೂ ಅಕ್ಕಪಕ್ಕದಲ್ಲಿಯೇ ನಡೆಯುವ ಪ್ರಕ್ರಿಯೆಗಳು. ಆಂಟಿ-ಸಿಸಿಪಿ ಪರೀಕ್ಷೆ ಗುರುತಿಸುವುದು ಸಿಟ್ರುಲಿನ್ ಹೊಂದಿರುವ ಪ್ರೋಟೀನುಗಳ ವಿರುದ್ಧದ ಪ್ರತಿಕಾಯಗಳನ್ನು. ಪ್ರೋಟೀನಿನಲ್ಲಿರುವ ಆರ್ಜಿನಿನ್ ಎಂಬ ಅಮೈನೊ ಆಮ್ಲವನ್ನು ಪಿಎಡಿ ಗುಂಪಿನ ಕಿಣ್ವಗಳು ಸಿಟ್ರುಲಿನ್ ಆಗಿ ಬದಲಿಸುತ್ತವೆ. ಇದಕ್ಕೆ ಕ್ಯಾಲ್ಸಿಯಂ ಬೇಕು. ತೂಕದಲ್ಲಿ ನೋಡಿದರೆ ಈ ಬದಲಾವಣೆ ಒಂದು ಹೈಡ್ರೋಜನ್ ಪರಮಾಣುವಿನ ತೂಕದಷ್ಟೂ ಇಲ್ಲ. ಆದರೆ ಆರ್ಜಿನಿನ್ ಮೇಲಿದ್ದ ಧನ ವಿದ್ಯುದಂಶ ಹೋಗಿಬಿಡುತ್ತದೆ ಮತ್ತು ಅದರಿಂದ ಪ್ರೋಟೀನಿನ ಮಡಿಕೆ ಸಡಿಲಗೊಳ್ಳಬಹುದು. ಎಚ್‌ಎಲ್‌ಎ-ಡಿಆರ್‌ಬಿ1 ಎಂಬ ಜೀನಿನ ಕೆಲವು ರೂಪಗಳನ್ನು ಪಡೆದವರಲ್ಲಿ, ಟಿ ಜೀವಕೋಶಗಳಿಗೆ ತುಣುಕುಗಳನ್ನು ತೋರಿಸುವ ಅಣುವಿನ ತಗ್ಗಿನಲ್ಲಿ ಧನ ವಿದ್ಯುದಂಶವಿರುತ್ತದೆ. ಹಾಗಾಗಿ ಅಲ್ಲಿ ಆರ್ಜಿನಿನ್ ಸರಿಯಾಗಿ ಕೂರುವುದಿಲ್ಲ, ಸಿಟ್ರುಲಿನ್ ಚೆನ್ನಾಗಿ ಕೂರುತ್ತದೆ. ಒಂದು ವಿದ್ಯುದಂಶದ ವ್ಯತ್ಯಾಸ ಇಡೀ ಜೀವಮಾನದ ರೋಗಕ್ಕೆ ದಾರಿಯಾಗಬಲ್ಲದು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಈ ಪ್ರತಿಕಾಯಗಳ ಸುಳಿವು 1964ರಲ್ಲಿಯೇ ಡಚ್ ಸಂಶೋಧಕರಿಗೆ ಸಿಕ್ಕಿತ್ತು. ಅವು ಹಿಡಿಯುವುದು ಸಿಟ್ರುಲಿನ್ನನ್ನು ಎಂದು ಖಚಿತವಾದದ್ದು 1998ರಲ್ಲಿ. ರುಮಟಾಯ್ಡ್ ಫ್ಯಾಕ್ಟರ್ ಇನ್ನೂ ಹಳೆಯದು, 1940ರಲ್ಲಿ ನಾರ್ವೆಯ ಎರಿಕ್ ವಾಲರ್ ಅದನ್ನು ವರ್ಣಿಸಿದರು. ಅದು ನಮ್ಮದೇ ಐಜಿಜಿ ಪ್ರತಿಕಾಯದ ವಿರುದ್ಧದ ಪ್ರತಿಕಾಯ. ಐಜಿಜಿ ಕೂಡ ಒಂದು ಪ್ರೋಟೀನೇ ಆದುದರಿಂದ ಉರಿಯೂತದ ನಡುವೆ ಅದೂ ಉತ್ಕರ್ಷಣಕ್ಕೆ ಒಳಗಾಗುತ್ತದೆ. ರುಮಟಾಯ್ಡ್ ಫ್ಯಾಕ್ಟರ್ ವಯಸ್ಸಾದ ಆರೋಗ್ಯವಂತರಲ್ಲಿ, ಹೆಪಟೈಟಿಸ್ ಸಿ ಮುಂತಾದ ದೀರ್ಘಕಾಲದ ಸೋಂಕುಗಳಲ್ಲಿಯೂ ಕಾಣುತ್ತದೆ. ಆಂಟಿ-ಸಿಸಿಪಿ ಹಾಗಲ್ಲ, ಅದರ ನಿರ್ದಿಷ್ಟತೆ ಸುಮಾರು ಶೇ 95 (ಅಂದರೆ ಈ ರೋಗವಿಲ್ಲದ ನೂರು ಜನರಲ್ಲಿ ಸುಮಾರು 95 ಮಂದಿಗೆ ಪರೀಕ್ಷೆ ನೆಗೆಟಿವ್ ಬರುತ್ತದೆ). ಆದರೂ ಮೂವರು ರೋಗಿಗಳಲ್ಲಿ ಒಬ್ಬರಿಗೆ ಅದು ಇರುವುದೇ ಇಲ್ಲ ಎಂಬುದನ್ನು ಮರೆಯಬಾರದು. 2010ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಎರಡೂ ಪರೀಕ್ಷೆಗಳಿಗೆ ಸ್ಥಾನವಿದೆ.

ಉತ್ಕರ್ಷಣದ ನಂಟು ಮೂರು ಕಡೆ ಕಾಣಿಸುತ್ತದೆ. ಉತ್ಕರ್ಷಣಕಾರಿಗಳಿಂದ ಕೆರಳಿದ ನ್ಯೂಟ್ರೊಫಿಲ್ ತನ್ನ ಡಿಎನ್‌ಎಯನ್ನೇ ಬಲೆಯಂತೆ ಹೊರಗೆ ಬೀಸಬಲ್ಲದು. ಆ ಬಲೆಯೊಡನೆ ಪಿಎಡಿ ಕಿಣ್ವವೂ ಸಿಟ್ರುಲಿನ್ ಹೊಂದಿದ ಪ್ರೋಟೀನುಗಳೂ ಹೊರಬೀಳುತ್ತವೆ. ಮೊದಲು ಹೇಳಿದ ಮೈಲೋಪೆರಾಕ್ಸಿಡೇಸ್ ಥಯೋಸಯನೇಟಿನಿಂದ ಸಯನೇಟನ್ನು ತಯಾರಿಸುತ್ತದೆ, ಅದು ಲೈಸಿನ್ನನ್ನು ಹೋಮೋಸಿಟ್ರುಲಿನ್ ಆಗಿ ಬದಲಿಸುತ್ತದೆ. ಇಂಥ ಪ್ರೋಟೀನುಗಳ ವಿರುದ್ಧವೂ ಪ್ರತಿಕಾಯಗಳಿವೆ ಎಂದು 2011ರಲ್ಲಿ ವರದಿಯಾಯಿತು. ಇನ್ನು ಕೊಬ್ಬು ಉತ್ಕರ್ಷಣಗೊಂಡಾಗ ಹುಟ್ಟುವ ಮ್ಯಾಲೊಂಡೈಆಲ್ಡಿಹೈಡ್ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ರೂಪ ಕೆಡಿಸುತ್ತದೆ, ಅವುಗಳಿಗೂ ರೋಗಿಗಳ ರಕ್ತದಲ್ಲಿ ಪ್ರತಿಕಾಯಗಳು ಸಿಗುತ್ತವೆ.

ಪ್ರಶ್ನೆ: ಹಾನಿಗೆ ಉತ್ಕರ್ಷಣವೇ ಕಾರಣ ಎಂದಾದರೆ ಆಂಟಿಆಕ್ಸಿಡೆಂಟ್ (ಉತ್ಕರ್ಷಣವನ್ನು ತಡೆಯುವ) ಮಾತ್ರೆಗಳಿಂದ ರೋಗ ವಾಸಿಯಾಗಬೇಕಲ್ಲವೇ? ಸಂಧಿವಾತಕ್ಕೆ ತೆಗೆದುಕೊಳ್ಳುತ್ತಿರುವ ಮೆಥೊಟ್ರೆಕ್ಸೇಟ್ ಔಷಧವನ್ನು ಬಿಟ್ಟು ವಿಟಮಿನ್ ಇ, ಸಿ ಮತ್ತು ಸೆಲೆನಿಯಂ ತೆಗೆದುಕೊಳ್ಳುವಂತೆ ಪರಿಚಿತರೊಬ್ಬರು ಸೂಚಿಸಿದ್ದಾರೆ.

ಉತ್ತರ: ದಯವಿಟ್ಟು ಮೆಥೊಟ್ರೆಕ್ಸೇಟ್ ಬಿಡಬೇಡಿ. ಈ ಅಂಕಣದಲ್ಲಿ ನಾನು ಬರೆಯುತ್ತಿರುವುದರಲ್ಲಿ ಅತ್ಯಂತ ಮುಖ್ಯವಾದ ಮಾತು ಇದು.

ನಿಮ್ಮ ತರ್ಕ ಸಹಜವಾದದ್ದೇ. ಸಂಶೋಧಕರೂ ಹಾಗೆಯೇ ಯೋಚಿಸಿ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದಲ್ಲಿ ಸುಮಾರು 39,000 ಮಹಿಳೆಯರ ಮೇಲೆ ವರ್ಷಗಟ್ಟಲೆ ನಡೆದ ಮಹಿಳಾ ಆರೋಗ್ಯ ಅಧ್ಯಯನದಲ್ಲಿ ದಿನ ಬಿಟ್ಟು ದಿನ 600 ಯೂನಿಟ್ ವಿಟಮಿನ್ ಇ ಕೊಟ್ಟರೂ ಈ ರೋಗ ಬರುವ ಪ್ರಮಾಣ ಗಮನಾರ್ಹವಾಗಿ ತಗ್ಗಲಿಲ್ಲ. ಈಗಾಗಲೇ ರೋಗವಿರುವವರಿಗೆ ವಿಟಮಿನ್ ಇ ಕೊಟ್ಟಾಗ ನೋವಿನಲ್ಲಿ ಅಲ್ಪ ಇಳಿಕೆ ಕಂಡ ಪ್ರಯೋಗವಿದೆ, ಆದರೆ ಅದರಲ್ಲಿಯೂ ಉರಿಯೂತದ ಅಳತೆಗಳು ಬದಲಾಗಲಿಲ್ಲ. ಯಾವ ವಿಟಮಿನ್ ಮಾತ್ರೆಯೂ ಎಲುಬಿನ ಸವೆತವನ್ನು ತಡೆದುದಾಗಿ ಸಿದ್ಧವಾಗಿಲ್ಲ. ಮೆಥೊಟ್ರೆಕ್ಸೇಟ್ ಮತ್ತು ಉರಿಯೂತ ಹೆಚ್ಚಿಸುವ ಪ್ರೋಟೀನಾದ ಟಿಎನ್‌ಎಫ್ ತಡೆಯುವ ಔಷಧಗಳು ಅದನ್ನು ನಿಧಾನಿಸುತ್ತವೆ ಎಂಬುದು ಸಿದ್ಧವಾಗಿದೆ.

ಇದಕ್ಕಿಂತ ಆಳವಾದ ಕಾರಣವೂ ಒಂದಿದೆ, ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 2003ರಲ್ಲಿ ಸ್ವೀಡನ್ನಿನ ಸಂಶೋಧಕರು ಇಲಿಗಳಲ್ಲಿ ಸಂಧಿವಾತದ ತೀವ್ರತೆಯನ್ನು ನಿರ್ಧರಿಸುವ ಜೀನನ್ನು ಹುಡುಕುತ್ತ ಹೋಗಿ ಎನ್‌ಸಿಎಫ್1 ಎಂಬುದನ್ನು ತಲುಪಿದರು. ಸೂಪರ್‌ಆಕ್ಸೈಡ್ ತಯಾರಿಸುವ ಕಿಣ್ವದ ಒಂದು ಭಾಗವನ್ನು ರೂಪಿಸುವ ಜೀನು ಅದು. ಅಚ್ಚರಿಯೆಂದರೆ, ಉತ್ಕರ್ಷಣಕಾರಿಗಳನ್ನು ಕಡಿಮೆ ತಯಾರಿಸುವ ಇಲಿಗಳಲ್ಲಿಯೇ ಸಂಧಿವಾತ ಹೆಚ್ಚು ತೀವ್ರವಾಗಿತ್ತು. ಮನುಷ್ಯರಲ್ಲಿಯೂ, ಹುಟ್ಟಿನಿಂದಲೇ ಈ ಕಿಣ್ವ ಕೆಲಸ ಮಾಡದವರಿಗೆ ಗಂಭೀರ ಸೋಂಕುಗಳ ಜೊತೆಗೆ ಉರಿಯೂತದ ಕಾಯಿಲೆಗಳೂ ಹೆಚ್ಚಾಗಿ ಬರುತ್ತವೆ. ಅಂದರೆ ಅದೇ ಅಣುಗಳು ಒಂದು ಕಡೆ ಪ್ರೋಟೀನನ್ನು ಕೆಡಿಸುತ್ತವೆ, ಇನ್ನೊಂದು ಕಡೆ ಟಿ ಜೀವಕೋಶಗಳು ಮಿತಿಮೀರದಂತೆ ಹಿಡಿದಿಡುವ ಸಂಕೇತಗಳಾಗಿಯೂ ಕೆಲಸ ಮಾಡುತ್ತವೆ. ಎಲ್ಲಿ, ಯಾವಾಗ, ಎಷ್ಟು ಎಂಬುದರ ಮೇಲೆ ಅವುಗಳ ಪರಿಣಾಮ ನಿಂತಿದೆ. ಇಡೀ ದೇಹದ ತುಂಬ ಹರಡುವ ಮಾತ್ರೆಯೊಂದು ಕೀಲಿನೊಳಗಿನ ಹಾನಿಯನ್ನಷ್ಟೇ ಆರಿಸಿ ತಡೆಯುತ್ತದೆ ಎಂದು ನಿರೀಕ್ಷಿಸುವುದು ಸರಿಯಲ್ಲ.

ಮೇಲೆ ಹೇಳಿದ ವಿಷವರ್ತುಲವನ್ನು ಕಡಿಯಬೇಕಾದ ಜಾಗ ಯಾವುದೆಂದರೆ ಉರಿಯೂತವೇ. ನ್ಯೂಟ್ರೊಫಿಲ್‌ಗಳು ಕೀಲಿಗೆ ಬರುವುದು ನಿಂತರೆ ಉತ್ಕರ್ಷಣಕಾರಿಗಳ ಮುಖ್ಯ ಮೂಲವೇ ಬತ್ತುತ್ತದೆ. ಹಾಗೆ ನೋಡಿದರೆ ನೀವು ಈಗ ತೆಗೆದುಕೊಳ್ಳುತ್ತಿರುವ ಔಷಧವೇ ನಿಮ್ಮ ಕೀಲಿನ ಪ್ರೋಟೀನುಗಳನ್ನು ಎಲ್ಲ ವಿಟಮಿನ್‌ಗಳಿಗಿಂತ ಚೆನ್ನಾಗಿ ಕಾಯುತ್ತಿದೆ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು, ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಅದರೊಡನೆ ವೈದ್ಯರು ಬರೆದುಕೊಟ್ಟ ಫೋಲಿಕ್ ಆಮ್ಲವನ್ನು ತಪ್ಪಿಸಬೇಡಿ; ರಕ್ತ ಮತ್ತು ಯಕೃತ್ತಿನ ಪರೀಕ್ಷೆಗಳನ್ನು ಹೇಳಿದ ಸಮಯಕ್ಕೆ ಮಾಡಿಸಿ. ವಿಟಮಿನ್ ಇ ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದರೆ, ಅದರಲ್ಲೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳ ಜೊತೆಗೆ ಸೇವಿಸಿದರೆ, ರಕ್ತಸ್ರಾವದ ಅಪಾಯ ಹೆಚ್ಚಬಹುದು. ಮೀನೆಣ್ಣೆಯ ಒಮೆಗಾ-3 ಕೊಬ್ಬಿನಾಮ್ಲದಿಂದ ನೋವು ಮತ್ತು ಬೆಳಗಿನ ಬಿಗಿತ ತುಸು ಇಳಿಯುವುದು ಅಧ್ಯಯನಗಳಲ್ಲಿ ಕಂಡಿದೆ. ಬೇಕಿದ್ದರೆ ಅದನ್ನು ಔಷಧದ ಜೊತೆಗೆ, ವೈದ್ಯರಿಗೆ ತಿಳಿಸಿ ತೆಗೆದುಕೊಳ್ಳಬಹುದು, ಔಷಧದ ಬದಲಿಗಲ್ಲ.

ಪ್ರಶ್ನೆ: ಉತ್ಕರ್ಷಣದ ಒತ್ತಡವನ್ನು ಅಳೆಯುವ ರಕ್ತಪರೀಕ್ಷೆಯನ್ನು ಮಾಡಿಸಿದರೆ ಉಪಯೋಗವಿದೆಯೇ?

ಉತ್ತರ: ನಿಮ್ಮ ಚಿಕಿತ್ಸೆಗೆ ಸಂಬಂಧಿಸಿದಂತೆ ಇಲ್ಲ. ಪ್ರೋಟೀನ್ ಕಾರ್ಬೊನಿಲ್, ಮ್ಯಾಲೊಂಡೈಆಲ್ಡಿಹೈಡ್ ಮುಂತಾದವುಗಳ ಮಟ್ಟ ರೋಗಿಗಳ ಗುಂಪಿನಲ್ಲಿ ಸರಾಸರಿ ಹೆಚ್ಚಿರುತ್ತದೆ, ಸಂಶೋಧನೆಗೆ ಅದು ಬೇಕಾದ ಮಾಹಿತಿ. ಆದರೆ ಧೂಮಪಾನ, ಮಧುಮೇಹ, ವಯಸ್ಸು, ಸೋಂಕು ಎಲ್ಲದರಿಂದಲೂ ಅದು ಏರುವುದರಿಂದ ಒಬ್ಬ ವ್ಯಕ್ತಿಯ ಕೀಲಿನ ಸ್ಥಿತಿಯನ್ನು ಅದು ಹೇಳಲಾರದು. ಊದಿದ ಕೀಲುಗಳ ಎಣಿಕೆ, ಉರಿಯೂತ ಎಷ್ಟಿದೆ ಎಂದು ಹೇಳುವ ಇಎಸ್‌ಆರ್ ಮತ್ತು ಸಿಆರ್‌ಪಿ ಪರೀಕ್ಷೆಗಳೇ ವೈದ್ಯರ ನಿರ್ಧಾರಕ್ಕೆ ಆಧಾರ.

ಪ್ರಶ್ನೆ: ಊದಿದ ಕೀಲನ್ನು ಆಡಿಸಿದರೆ ಉತ್ಕರ್ಷಣ ಹೆಚ್ಚುತ್ತದೆ ಎಂದು ಕೇಳಿದೆ. ವ್ಯಾಯಾಮ ಬಿಡಬೇಕೇ?

ಉತ್ತರ: ಈ ಮಾತಿಗೆ ಮೂಲ 1989ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಒಂದು ಅಧ್ಯಯನ. ದ್ರವ ತುಂಬಿ ಊದಿದ ಮೊಣಕಾಲಿನ ಮೇಲೆ ಶ್ರಮ ಬಿದ್ದಾಗ ಒಳಗಿನ ಒತ್ತಡ ಏರಿ, ಸಣ್ಣ ರಕ್ತನಾಳಗಳು ಒತ್ತಿಹೋಗಿ, ವಿಶ್ರಾಂತಿಯಲ್ಲಿ ಮತ್ತೆ ರಕ್ತ ಹರಿದಾಗ ಉತ್ಕರ್ಷಣಕಾರಿಗಳು ಹುಟ್ಟುತ್ತವೆ ಎಂದು ಅದು ತೋರಿಸಿತು. ಆದ್ದರಿಂದ ಕೀಲು ತೀವ್ರವಾಗಿ ಊದಿರುವಾಗ ಅದರ ಮೇಲೆ ಭಾರ ಹಾಕದೆ ಮೆಲ್ಲಗೆ ಆಡಿಸುವುದಷ್ಟೇ ಸಾಕು. ಊತ ಹತೋಟಿಗೆ ಬಂದ ಮೇಲೆ ಹಿಂಜರಿಯಬೇಕಿಲ್ಲ: 2003ರಲ್ಲಿ ಪ್ರಕಟವಾದ, ಎರಡು ವರ್ಷ ನಡೆದ ಡಚ್ ಅಧ್ಯಯನದಲ್ಲಿ ಬಿರುಸಿನ ವ್ಯಾಯಾಮ ಮಾಡಿದ ರೋಗಿಗಳ ಕಾರ್ಯಸಾಮರ್ಥ್ಯ ಉತ್ತಮಗೊಂಡಿತು. ಮೊಣಕಾಲು, ಭುಜದಂಥ ದೊಡ್ಡ ಕೀಲುಗಳು ಮೊದಲೇ ಬಹಳ ಸವೆದಿರುವವರು ಮಾತ್ರ ಎಚ್ಚರ ವಹಿಸಬೇಕು.

ಪ್ರಶ್ನೆ: ನನ್ನ ಅಕ್ಕನಿಗೆ ರುಮಟಾಯ್ಡ್ ಸಂಧಿವಾತವಿದೆ. ನನಗೆ ಯಾವ ತೊಂದರೆಯೂ ಇಲ್ಲ, ಆದರೆ ಆಂಟಿ-ಸಿಸಿಪಿ ಪಾಸಿಟಿವ್ ಬಂದಿದೆ. ನಾನು ದಿನಕ್ಕೆ ಏಳೆಂಟು ಸಿಗರೇಟು ಸೇದುತ್ತೇನೆ. ರೋಗ ಬಾರದಂತೆ ತಡೆಯಬಹುದೇ?

ಉತ್ತರ: ಆತಂಕಪಡಬೇಡಿ, ಆದರೆ ಸಿಗರೇಟನ್ನು ಇಂದೇ ಬಿಡಿ. ಒಡಹುಟ್ಟಿದವರಿಗೆ ರೋಗವಿದ್ದರೆ ಅಪಾಯ ಸುಮಾರು ಮೂರು ಪಟ್ಟು ಹೆಚ್ಚು ಎಂಬುದು ನಿಜ. ಹಾಗಿದ್ದರೂ ಒಂದೇ ಜೀನುಗಳನ್ನು ಹೊತ್ತ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ರೋಗ ಬಂದಾಗ ಇನ್ನೊಬ್ಬರಿಗೂ ಬರುವುದು ಸುಮಾರು ಶೇ 15ರಷ್ಟು ಜೋಡಿಗಳಲ್ಲಿ ಮಾತ್ರ. ಹಾಗಾಗಿ ಹುಟ್ಟಿನಿಂದ ಬಂದದ್ದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಆಂಟಿ-ಸಿಸಿಪಿ ರೋಗಲಕ್ಷಣಗಳಿಗಿಂತ ಹಲವು ವರ್ಷ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳಬಹುದು. ಕಾಣಿಸಿಕೊಂಡವರಿಗೆಲ್ಲ ರೋಗ ಬರುವುದಿಲ್ಲ.

ಸಿಗರೇಟಿನ ಹೊಗೆಯಲ್ಲಿ ಉತ್ಕರ್ಷಣಕಾರಿಗಳು ಧಾರಾಳವಾಗಿವೆ. ಅದು ಶ್ವಾಸಕೋಶದಲ್ಲಿ ಉರಿಯೂತ ಹುಟ್ಟಿಸಿ ಅಲ್ಲಿನ ಪ್ರೋಟೀನುಗಳಲ್ಲಿ ಸಿಟ್ರುಲಿನ್ ಹೆಚ್ಚಿಸುತ್ತದೆ, ರಕ್ತದಲ್ಲಿ ಥಯೋಸಯನೇಟ್ ಏರಿಸುತ್ತದೆ. ಸ್ವಯಂನಿರೋಧಕ ಪ್ರತಿಕ್ರಿಯೆ ಎಷ್ಟೋ ಜನರಲ್ಲಿ ಕೀಲಿನಲ್ಲಿ ಅಲ್ಲ, ಶ್ವಾಸಕೋಶದಲ್ಲಿಯೇ ಮೊದಲಾಗುತ್ತದೆ ಎಂದು ತಜ್ಞರು ಭಾವಿಸಲು ಇದೇ ಕಾರಣ. ಸ್ವೀಡನ್ನಿನಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೇಲೆ ಹೇಳಿದ ಎಚ್‌ಎಲ್‌ಎ ಜೀನಿನ ಅಪಾಯಕಾರಿ ರೂಪವನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದು ಧೂಮಪಾನವನ್ನೂ ಮಾಡುವವರಿಗೆ, ಎರಡೂ ಇಲ್ಲದವರಿಗೆ ಹೋಲಿಸಿದರೆ, ಆಂಟಿ-ಸಿಟ್ರುಲಿನ್ ಪ್ರತಿಕಾಯವಿರುವ ಬಗೆಯ ಸಂಧಿವಾತದ ಅಪಾಯ 21 ಪಟ್ಟು. ಜೀನನ್ನು ನೀವು ಬದಲಿಸಲಾರಿರಿ. ಸಿಗರೇಟು ಬಿಟ್ಟರೆ ಅಪಾಯ ಕೂಡಲೇ ಅಳಿಯದಿದ್ದರೂ ವರ್ಷಗಳು ಕಳೆದಂತೆ ಇಳಿಯುತ್ತ ಹೋಗುತ್ತದೆ.

ವಸಡಿನ ರೋಗವಿದ್ದರೆ ಚಿಕಿತ್ಸೆ ಪಡೆಯಿರಿ. ವಸಡನ್ನು ಕೆಡಿಸುವ ಪೋರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾ ಪ್ರೋಟೀನುಗಳಲ್ಲಿ ಸಿಟ್ರುಲಿನ್ ಉಂಟುಮಾಡುವ ತನ್ನದೇ ಕಿಣ್ವವನ್ನು ಹೊಂದಿದೆ. ವಸಡಿಗೂ ಕೀಲಿಗೂ ಇರುವ ನಂಟಿಗೆ ಇದೂ ಒಂದು ಕಾರಣವಿರಬಹುದು. ಮೈತೂಕವನ್ನು ಮಿತಿಯಲ್ಲಿಡುವುದೂ ಒಳ್ಳೆಯದು.

ಔಷಧದಿಂದ ರೋಗವನ್ನು ಮುಂಚಿತವಾಗಿಯೇ ತಡೆಯುವ ಪ್ರಯತ್ನಗಳು ನಡೆದಿವೆ. ಈ ಪ್ರತಿಕಾಯಗಳ ಜೊತೆಗೆ ಕೀಲುನೋವೂ ಇದ್ದವರಿಗೆ ಟಿ ಜೀವಕೋಶಗಳನ್ನು ಹತ್ತಿಕ್ಕುವ ಅಬಾಟಸೆಪ್ಟ್ ಎಂಬ ಔಷಧ ಕೊಟ್ಟು ನೋಡಿದ ಎರಡು ಪ್ರಯೋಗಗಳ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಔಷಧ ಕೊಡುತ್ತಿದ್ದ ಅವಧಿಯಲ್ಲಿ ರೋಗ ಕಾಣಿಸಿಕೊಳ್ಳುವುದು ಕಡಿಮೆಯಾಯಿತು, ನಿಲ್ಲಿಸಿದ ಮೇಲೆ ಔಷಧ ಪಡೆದವರಿಗೂ ಪಡೆಯದವರಿಗೂ ಇದ್ದ ಅಂತರ ಕಿರಿದಾಗುತ್ತ ಬಂತು. ನೋವೇ ಇಲ್ಲದ ನಿಮಗೆ ಇಂದು ಅಂಥ ಔಷಧ ಬೇಕಿಲ್ಲ. ಒಮ್ಮೆ ಸಂಧಿವಾತ ತಜ್ಞರನ್ನು ಕಂಡು ವರದಿಯನ್ನು ತೋರಿಸಿಬನ್ನಿ. ಮುಂದೆಂದಾದರೂ ಬೆಳಗ್ಗೆ ಎದ್ದಾಗ ಬೆರಳುಗಳ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಉಳಿದರೆ, ಬೆರಳ ಬುಡದ ಗಿಣ್ಣುಗಳನ್ನು ಒತ್ತಿದಾಗ ನೋವಾದರೆ, ಇಲ್ಲವೇ ಉಂಗುರ ಬಿಗಿಯಾಗುವಷ್ಟು ಊದಿದರೆ ತಿಂಗಳುಗಟ್ಟಲೆ ಕಾಯದೆ ಕೆಲವೇ ವಾರಗಳೊಳಗೆ ಅವರನ್ನು ಮತ್ತೆ ಕಾಣಿ.